ನಾನು ಬರೆಯದೆ ಬಿಟ್ಟ ಜೋಮು

ಈ ಬರಹದಲ್ಲಿ ಕಂಡುಬರುವ ದೋಷಗಳನ್ನು ಓದುಗರು ದಯವಿಟ್ಟು ಮನ್ನಿಸಬೇಕು. ನಾನು ಸಾಹಿತ್ಯ ಬಲ್ಲವನಲ್ಲ. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಮೇಲೆ ನಾನು ಬರೆದದ್ದೆಲ್ಲ ಇಂಗ್ಲಿಷಿನಲ್ಲಿಯೇ. ಅದೂ ಹೆಚ್ಚಾಗಿ ಔಷಧದ ಚೀಟಿಗಳು ಮತ್ತು ವರದಿಗಳು. ಒಂದು ವಾಕ್ಯ ಬರೆದು, ಅದು ಶುದ್ಧವಾಗಿದೆಯೋ ಇಲ್ಲವೋ ಎಂದು ಮೂರು ಸಲ ನೋಡುವ ಚಾಳಿ ನನಗಿದೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ ಆದುದರಿಂದ, ತಪ್ಪಿದರೆ ತಿದ್ದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಚಾಳಿ ಅಲ್ಲಿಂದ ಬೆಳೆಯಿತೆಂದು ತೋರುತ್ತದೆ. ಇಲ್ಲಿ ಭಾಷೆ ತಪ್ಪಿದರೂ ಸಂಗತಿ ತಪ್ಪಬಾರದು ಎಂದು ನಿಶ್ಚಯಿಸಿ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಮುಂಬಯಿಯಲ್ಲಿ ವೈದ್ಯಕೀಯ ಪದವಿ ಪಡೆದು ಬಂದ ನಾನು ಹುಬ್ಬಳ್ಳಿಯ ಒಂದು ನೂಲಿನ ಗಿರಣಿಯ ದವಾಖಾನೆಯಲ್ಲಿ ಡಾಕ್ಟರನಾಗಿ ಸೇರಿ ಏಳು ತಿಂಗಳಾಗಿದ್ದವು. ಅದೇ ಗಿರಣಿಯ ಹತ್ತಿಯ ಗೋದಾಮಿನಲ್ಲಿ ನನ್ನ ಅಣ್ಣ ಹದಿನಾರು ವರ್ಷಗಳಿಂದ ಕೆಲಸಕ್ಕಿದ್ದ. ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಗಳನ್ನು ಕೊಂಡಿಗೆ ಸಿಕ್ಕಿಸಿ, ಸರಪಳಿಯ ರಾಟೆಯಿಂದ ಮೇಲೆತ್ತಿ, ಒಂದರ ಮೇಲೊಂದು ಒಟ್ಟುವುದು ಅಲ್ಲಿಯ ಕೆಲಸ. ಅಣ್ಣ ಕೆಳಗೆ ನಿಂತು, ತಲೆಯೆತ್ತಿ ಕೊಂಡಿಯನ್ನು ನೋಡುತ್ತ, ರಾಟೆ ಎಳೆಯುವವರಿಗೆ ಕೈಸನ್ನೆ ಮಾಡುತ್ತಿದ್ದ. ಅವನ ಸನ್ನೆಯಂತೆ ಅಂಡಿಗೆ ಏರಬೇಕು, ನಿಲ್ಲಬೇಕು, ಇಳಿಯಬೇಕು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಸಾಲೆ ಬಿಟ್ಟು ದುಡಿಯಲು ಹೋಗಿದ್ದ; ನಾನು ಸಾಲೆಗೆ ಹೋಗಿದ್ದೆ. ಅಷ್ಟು ಹೇಳಿದರೆ ಸಾಕು.

ನನಗೆ ಆ ಹುದ್ದೆ ಸಿಕ್ಕಾಗ ಗಿರಣಿಯ ಬಾಗಿಲಲ್ಲಿ ಒಂದು ಮಾತು ಹುಟ್ಟಿತ್ತು. ಅದು ನನ್ನ ಕಿವಿಗೂ ಬಿತ್ತು. "ಅಣ್ಣ ಗೋದಾಮಿನ್ಯಾಗ, ತಮ್ಮ ದವಾಖಾನ್ಯಾಗ. ಇನ್ನ ಅಣ್ಣಗ ಬೇಕಾದಾಗ ಜ್ವರ ಬರತಾವ ಬಿಡೋ!" ಅಂದಿನಿಂದ ನಾನು ಒಂದು ನೇಮ ಮಾಡಿಕೊಂಡೆ. ದವಾಖಾನೆಯಲ್ಲಿ ಅಣ್ಣನನ್ನು ಅಣ್ಣಾ ಎಂದು ಕರೆಯುವುದಿಲ್ಲ. ಪಾಳಿ ಬಿಟ್ಟು ಒಳಗೆ ಕರೆಯುವುದಿಲ್ಲ. ನ್ಯಾಯ ಎಂದರೆ ಇದೇ ಎಂದು ಆಗ ನಂಬಿದ್ದೆ.

ಶ್ರಾವಣದ ನಾಗರ ಪಂಚಮಿಯ ದಿನ ನಮ್ಮ ಕಡೆಗೆ ಲಿಂಬೆಹಣ್ಣು ಒಗೆಯುವ, ಅಂದರೆ ದೂರಕ್ಕೆ ಎಸೆಯುವ, ಪಣದಾಟ ನಡೆಯುತ್ತದೆ. ಒಂದು ಗುರುತಿನಿಂದ ಇನ್ನೊಂದು ಗುರುತಿನವರೆಗೆ ಇಂತಿಷ್ಟೇ ಒಗೆತಗಳಲ್ಲಿ ಮುಟ್ಟಬೇಕು. ಹಣ್ಣಾದದ್ದು ಬಿದ್ದಲ್ಲಿ ಒಡೆಯುತ್ತದೆಂದು ಬಲಿತ, ಗಟ್ಟಿಯಾದ, ಹಸಿರು ಕಾಯಿಗಳನ್ನೇ ಆರಿಸುತ್ತಾರೆ. ಕಾಯಿ ಬಿದ್ದ ಜಾಗವನ್ನು ತೋರಿಸಲು ಒಬ್ಬ ಮುಂದೆ ನಿಲ್ಲುತ್ತಾನೆ. ಆ ವರ್ಷ ಹಳೇ ಹುಬ್ಬಳ್ಳಿಯ ಆಚೆಯ ಬಯಲಿನಲ್ಲಿ ಹಾಗೆ ನಿಂತವನು ಅಣ್ಣ. ಪದವೀಧರನಾದ ನಾನು ಬೀದಿಯ ಆಟಕ್ಕೆ ಹೋಗಬಾರದೆಂದು ಮನೆಯಲ್ಲಿ ಓದುತ್ತ ಕುಳಿತಿದ್ದೆ.

ಮಧ್ಯಾಹ್ನ ನಾಲ್ಕಾರು ಜನ ಅಣ್ಣನನ್ನು ಕರೆತಂದರು. ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಅವನು ನಗುತ್ತಿದ್ದ. ಅವನ ಜೊತೆ ಗೋದಾಮಿನಲ್ಲಿ ರಾಟೆ ಎಳೆಯುವ ಗೆಳೆಯನ ಮುಖ ಮಾತ್ರ ಬಿಳಿಚಿತ್ತು.

"ನಾ ಒಗದ ಕಾಯಿರಿ, ಡಾಕ್ಟರ್ ಸಾಹೇಬ್ರ," ಎಂದ ಗೆಳೆಯ. "ಇಂವ ಆಕಾಸ ನೋಡಕೋತ ನಿಂತಿದ್ದ."

"ಮ್ಯಾಲಿಂದ ಬರತೈತಿ ಅಂತ ನೋಡಾಕತ್ತಿದ್ನಿ," ಎಂದ ಅಣ್ಣ. "ಅದು ಸೀದಾ ಬಾಗಲಾ ತಗದು ಒಳಗ ಬಂತು!"

ಅವ್ವ ಅಡಿಗೆಮನೆಯಿಂದ ಓಡಿಬಂದಳು. "ನಗಾಕ ನಾಚಿಕಿ ಬರೂದಿಲ್ಲೇನೋ? ಹಬ್ಬದ ದಿವಸ ಕಣ್ಣ ಕಳಕೊಂಡ ಬಂದಾನ!"

"ಕಳದಿಲ್ಲಬೇ, ಐತಿ. ನಿನ್ನ ಕೈಯಾನ ಉಂಡಿ ಕಾಣಾಕತ್ತಾವ ನೋಡ."

"ಲಿಂಬಿಕಾಯಿ ಬಡದು ಎಲಬು ಮುರದದ್ದು ಯಾರರ ಕೇಳೀರೇನ್ರಿ?" ಎಂದು ಗೆಳೆಯ ನನ್ನನ್ನೇ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪುಸ್ತಕದಲ್ಲಿ ಹೇಳಿದ ಕ್ರಮದಂತೆಯೇ ಪರೀಕ್ಷೆ ಮಾಡಿದೆನೆಂದು ಹೇಳಬಲ್ಲೆ. ರೆಪ್ಪೆಗಳು ಬಾತುಕೊಂಡಿದ್ದವು. ಅವುಗಳನ್ನು ಮೆಲ್ಲಗೆ ಬಿಡಿಸಿ ನೋಡಿದಾಗ ಕಣ್ಣುಗುಡ್ಡೆ ಸುರಕ್ಷಿತವಾಗಿತ್ತು, ದೃಷ್ಟಿಯೂ ಇತ್ತು. ಬಳಿಕ ಕಣ್ಣಿನ ಸುತ್ತಲಿನ ಎಲುಬಿನ ಅಂಚಿನ ಮೇಲೆ ಬೆರಳಾಡಿಸಿದೆ. ಎಲುಬು ಮುರಿದಿದ್ದರೆ ಅಂಚಿನಲ್ಲಿ ಎಲ್ಲಿಯಾದರೂ ಮೆಟ್ಟಿಲಿನಂತೆ ತಗ್ಗು ಸಿಗಬೇಕು. ಹುಬ್ಬಿನಿಂದ ಗಲ್ಲದವರೆಗೆ ಅಂಚು ನುಣುಪಾಗಿತ್ತು. ತಣ್ಣೀರಿನ ಪಟ್ಟಿ ಹಾಕಿಸಿ, ಬರೀ ಬಾವು ಎಂದೆ.

ಎರಡನೆಯ ದಿನ ಬೆಳಿಗ್ಗೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. "ತಮ್ಮಾ, ಒಂದು ಮೋಜು ಕೇಳ. ಮುಖಾ ತೊಳಕೊಳ್ಳಾಗ ಮೂಗ ಸೀಟಿದ್ರ ಕಣ್ಣ ಪೂರಿಯಂಗ ಉಬ್ಬತೈತಿ. ಒತ್ತಿದ್ರ ಚುರುಚುರು ಅಂತೈತಿ."

"ಅದು ಸಾಧ್ಯವಿಲ್ಲ, ಅಣ್ಣಾ. ಮೂಗಿಗೂ ಕಣ್ಣಿನ ರೆಪ್ಪೆಗೂ ಹಾಗೆ ದಾರಿ ಇರುವುದಿಲ್ಲ."

"ಸಾಧ್ಯ ಇಲ್ಲಂತ ನನಗ್ಯಾಕ ಹೇಳತಿ? ಕಣ್ಣಿಗೆ ಹೇಳಪಾ."

ನಾನು ಮುಟ್ಟಿ ನೋಡಲಿಲ್ಲ. ದವಾಖಾನೆಗೆ ಹೊತ್ತಾಗಿತ್ತು.

ಬಾವು ಇಳಿದ ಮೇಲೆ, ಏಳನೆಯ ದಿನ, ಅಣ್ಣ ಕೆಲಸಕ್ಕೆ ಹೋಗಿ ಮಧ್ಯಾಹ್ನಕ್ಕೇ ಹಿಂತಿರುಗಿದ. ಮೇಲೆ ನೋಡಿದರೆ ಕೊಂಡಿ ಎರಡಾಗಿ ಕಾಣುತ್ತದೆ ಎಂದ. ಮರುದಿನ ಗಿರಣಿಯ ವ್ಯವಸ್ಥಾಪಕರು ನನ್ನನ್ನು ಕರೆಸಿದರು. ಅವರು ಧಾರವಾಡದವರು, ನಗುತ್ತಲೇ ಮಾತಾಡುವವರು.

"ಡಾಕ್ಟರ, ನಿಮ್ಮ ಅಣ್ಣಗ ರಜಾ ಬೇಕಂತ. ಕೊಡೋಣಂತ. ಆದ್ರ ಕಾಗದದ ಮ್ಯಾಲೆ ನೀವ ಹೇಳಬೇಕು, ಖರೇನ ಬ್ಯಾನಿ ಅದನೋ ಇಲ್ಲೋ ಅಂತ. ಮಂದಿ ನಾಲಿಗಿಗೆ ಎಲಬಿಲ್ಲ, ನಿಮಗ ಗೊತ್ತದಲ್ಲ."

ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕೇಡಾಯಿತು.

ನಾನು ಅಣ್ಣನನ್ನು ಪಾಳಿಯಲ್ಲಿ ನಿಲ್ಲಿಸಿ, ಅವನ ಸರದಿ ಬಂದ ಮೇಲೆ, ದವಾಖಾನೆಯ ಗುಮಾಸ್ತನ ಎದುರಿಗೇ ಪರೀಕ್ಷಿಸಿದೆ. ಊರಿನ ಒಬ್ಬ ಖಾಸಗಿ ಡಾಕ್ಟರರ ಬಳಿಯಿದ್ದ ಕ್ಷ-ಕಿರಣ ಯಂತ್ರದಲ್ಲಿ ಚಿತ್ರ ತೆಗೆಸಿದ್ದೆ. ಚಿತ್ರದಲ್ಲಿ ಅಂಚಿನ ಎಲುಬು ಅಖಂಡವಾಗಿತ್ತು. ಕಣ್ಣಿನ ಕೆಳಗೆ, ಮೇಲ್ದವಡೆಯ ಎಲುಬಿನಲ್ಲಿ ಗಾಳಿ ತುಂಬಿದ ಒಂದು ಪೊಳ್ಳು ಎಲ್ಲರಿಗೂ ಇರುತ್ತದೆ. ಎಡಗಡೆಯ ಪೊಳ್ಳು ಮಾತ್ರ ಮಬ್ಬಾಗಿತ್ತು. ಶ್ರಾವಣದ ಥಂಡಿ; ನೆಗಡಿಯಿಂದ ಹಾಗಾಗಿರಬೇಕೆಂದು ಗುರುತು ಹಾಕಿಕೊಂಡೆ. ಅಣ್ಣನಿಗೆ ನೆಗಡಿ ಇತ್ತೇ ಎಂದು ಕೇಳಲಿಲ್ಲ.

"ಏನು ತೊಂದರೆ?" ಎಂದು ಕೇಳಿದೆ, ಪರಕೀಯನನ್ನು ಕೇಳುವಂತೆ.

"ಗಲ್ಲಕ್ಕ ಜೋಮ ಹಿಡದೈತ್ರಿ," ಎಂದ ಅಣ್ಣ, ಎಡಗೆನ್ನೆ ಮುಟ್ಟಿಕೊಂಡು. ಗುಮಾಸ್ತ ಇದ್ದುದರಿಂದ ಅವನೂ ನನಗೆ 'ರಿ' ಹಚ್ಚಿದ. "ಇಲ್ಲಿಂದ ತುಟಿತನಾ. ಹಲ್ಲಿಗೂ ಜೋಮು. ಮ್ಯಾಲ ನೋಡಿದ್ರ ಜೋಡಿ ಜೋಡಿ ಕಾಣತಾವ. ಮತ್ತ ಅದೊಂದು ಪೂರಿದು ಹೇಳಿದ್ನೆಲ್ಲರಿ..."

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನನ್ನ ಮುಖ ಬಿಸಿಯಾಯಿತು.

"ಈಗ ಮೂಗು ಸೀಟಿ ತೋರಿಸು," ಎಂದೆ. ಅವನು ಸೀಟಿದ. ರೆಪ್ಪೆ ಉಬ್ಬಲಿಲ್ಲ. "ಮದಲ ಮೂರ ದಿನಾ ಉಬ್ಬತಿತ್ರಿ," ಎಂದ. ಬಳಿಕ ಮೇಣಬತ್ತಿ ಹಚ್ಚಿ ಅವನ ಮುಂದೆ ಹಿಡಿದೆ. ನೇರಕ್ಕೆ ಹಿಡಿದಾಗ ಒಂದೇ ಕಂಡಿತು. ಕೆಳಗೆ ಹಿಡಿದಾಗ ಒಂದೇ. ಬಲಕ್ಕೆ ಒಂದು, ಎಡಕ್ಕೆ ಒಂದು. ತಲೆಯ ಮೇಲಕ್ಕೆ ಎತ್ತಿದಾಗ ಮಾತ್ರ, "ಎಲ್ಡು," ಎಂದ.

ನನ್ನ ತರ್ಕ ಹೀಗಿತ್ತು, ಅದನ್ನು ಮುಚ್ಚಿಡದೆ ಬರೆಯುತ್ತೇನೆ. ಇವನ ಕೆಲಸ ಮೇಲೆ ನೋಡುವುದು. ಇವನ ರೋಗವೂ ಮೇಲೆ ನೋಡುವಾಗ ಮಾತ್ರ ಬರುವುದು. ಊಟದ ತಾಟು ಎರಡಾಗಿ ಕಾಣುವುದಿಲ್ಲ, ಕೆಲಸದ ಕೊಂಡಿ ಕಾಣುತ್ತದೆ. ಇಷ್ಟು ಅನುಕೂಲವಾದ ರೋಗ ಇರಲಾರದು.

ದೃಢಪತ್ರವನ್ನು ಇಂಗ್ಲಿಷಿನಲ್ಲಿ ಬರೆದೆ. ಎಲುಬು ಮುರಿದಿಲ್ಲ, ಕಣ್ಣು ಸುಸ್ಥಿತಿಯಲ್ಲಿದೆ, ಕೆಲಸಕ್ಕೆ ಯೋಗ್ಯ ಎಂದು. ರೋಗಿಯ ದೂರುಗಳು ಎಂಬ ಜಾಗದಲ್ಲಿ ಜೋಮಿನ ವಿಷಯವನ್ನಾಗಲಿ ಉಬ್ಬಿದ ರೆಪ್ಪೆಯ ವಿಷಯವನ್ನಾಗಲಿ ಬರೆಯಲಿಲ್ಲ. ಅದು ಮರೆವಲ್ಲ. ಜೋಮು, ಪೂರಿ, ಚುರುಚುರು: ಈ ಮಾತುಗಳು ಹಳೇ ಹುಬ್ಬಳ್ಳಿಯ ಓಣಿಯ ಮಾತುಗಳು. ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿದರೂ ಓಣಿಯ ವಾಸನೆ ಉಳಿಯುತ್ತದೆಂದು ನನಗೆ ಅನಿಸಿತು. ಓದಿದವರು ಆ ಕಾಗದ ನೋಡಿದರೆ, ಈ ಡಾಕ್ಟರ ಎಂಥ ಮನೆಯಿಂದ ಬಂದವನೆಂದು ತಿಳಿದುಬಿಡುವರೆಂದು ಹೆದರಿದೆ. ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ದೂರುಗಳು ತೋರಿಕೆಯವಾಗಿರಬಹುದು. ಆ ವಾಕ್ಯದ ವ್ಯಾಕರಣವನ್ನು ಎರಡು ಸಲ ಸರಿನೋಡಿದ್ದು ನೆನಪಿದೆ.

ಗುಮಾಸ್ತ ಅದನ್ನು ಗೋದಾಮಿನವರಿಗೆ ಒಂದೇ ಶಬ್ದದಲ್ಲಿ ಕನ್ನಡಿಸಿದ. "ಸೋಗು." ಅಂದಿನಿಂದ ಅಣ್ಣನ ಹೆಸರು ಸೋಗಿನ ಸಾಹೇಬ ಎಂದಾಯಿತು.

ಅಣ್ಣ ಮರುದಿನವೇ ಕೆಲಸಕ್ಕೆ ನಿಂತ. ಎಡಗಣ್ಣಿಗೆ ಅರಿವೆ ಕಟ್ಟಿಕೊಂಡು ಕೆಲಸ ಮಾಡಿದರೆ ಒಂದೇ ಕೊಂಡಿ ಕಾಣುತ್ತದೆಂದು ಅವನೇ ಕಂಡುಕೊಂಡಿದ್ದ. ಆದರೆ ಕಣ್ಣು ಸರಿಯಿದೆ ಎಂದು ಡಾಕ್ಟರರು ಬರೆದುಕೊಟ್ಟ ಮೇಲೆ ಅರಿವೆ ಯಾಕೆ ಎಂದು ಗೋದಾಮಿನ ಆಳುಗಳ ಮೇಲ್ವಿಚಾರಕನಾದ ಮುಕಾದಮ ಅದನ್ನು ಬಿಚ್ಚಿಸಿದ.

ಪಂಚಮಿಯಿಂದ ಹದಿನಾರನೆಯ ದಿನ ಅದು ಆಯಿತು. ಅಂಡಿಗೆ ಮೇಲೇರಿತ್ತು. ಒಟ್ಟಿಲಿನ ಮೇಲಿದ್ದವನು ಅದನ್ನು ಹಿಡಿದನೆಂದು ತಿಳಿದು ಅಣ್ಣ ಇಳಿಸುವ ಸನ್ನೆ ಮಾಡಿದ. ಅವನಿಗೆ ಕಂಡ ಎರಡು ಅಂಡಿಗೆಗಳಲ್ಲಿ ಅವನು ನಂಬಿದ್ದು ಇಲ್ಲದ ಒಂದನ್ನು. ಸರಪಳಿ ಸಡಿಲಾಗಿ, ಅಂಡಿಗೆ ಅಂಚಿಗೆ ತಾಗಿ ಜಾರಿ, ಕೆಳಗೆ ನಿಂತಿದ್ದ ಒಬ್ಬ ಹಮಾಲನ ಮಗ್ಗುಲಿಗೇ ಬಿತ್ತು. ಒಂದು ಮೊಳ ಈಚೆ ಬಿದ್ದಿದ್ದರೆ ಅವನು ಉಳಿಯುತ್ತಿರಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಅಣ್ಣನನ್ನು ಅಂದೇ ಕೆಲಸದಿಂದ ತೆಗೆದರು. ನಿಷ್ಕಾಳಜಿ, ಅಂದರೆ ಅಜಾಗರೂಕತೆ, ಎಂಬ ಕಾರಣ ಬರೆದರು. ಕಣ್ಣು ಕಾಣಲಿಲ್ಲ ಎಂದು ಅವನು ಹೇಳಿದನಂತೆ. ಮುಕಾದಮ ನನ್ನ ದೃಢಪತ್ರವನ್ನು ತೋರಿಸಿದನಂತೆ. "ಕಣ್ಣ ಬರೋಬ್ಬರಿ ಐತಿ ಅಂತ ನಿನ್ನ ತಮ್ಮನ ಬರದಾನಲ್ಲೋ!"

ಆ ದಿನ ಸಂಜೆ ಅತ್ತಿಗೆ ನನಗೆ ತಾಟು ಹಚ್ಚಿಟ್ಟು ಎದುರಿಗೆ ನಿಂತಳು. ನಾನು ಚಡ್ಡಿ ಹಾಕುತ್ತಿದ್ದಾಗ ನಮ್ಮ ಮನೆಗೆ ಸೊಸೆಯಾಗಿ ಬಂದವಳು ಅವಳು. ಅಲ್ಲಿಯವರೆಗೂ ನನ್ನನ್ನು ನೀ ಎಂದೇ ಕರೆಯುತ್ತಿದ್ದಳು.

"ನೀವು ಸಾಲಿ ಕಲತ್ರಿ, ನಾವು ಕಲೀಲಿಲ್ಲ," ಎಂದಳು. "ನಿಮ್ಮ ಅಣ್ಣ ಸುಳ್ಳ ಹೇಳತಾನ ಅಂತ ನಿಮಗ ಹೆಂಗ ತಿಳೀತ್ರಿ? ಯಾವ ಪುಸ್ತಕದಾಗ ಬರದೈತಿ?"

ಅಣ್ಣ ಒಳಗಿನಿಂದ, "ಏ, ಉಣ್ಣಾಕ ಬಿಡ ಅವನ್ನ," ಎಂದ. ನಾನು ಬರೆದದ್ದು ಸರಿ ಎಂದೇ ಇನ್ನೂ ತಿಳಿದಿದ್ದೆ. ನಾಚಿಕೆಯಾದದ್ದು ಅವಳ 'ನೀವು' ಎಂಬ ಮಾತಿಗೆ.

ಮೂರು ದಿನಗಳ ಮೇಲೆ, ಸೋಮವಾರ ಬೆಳಿಗ್ಗೆ, ಅಣ್ಣ ಹಿತ್ತಲಲ್ಲಿ ಕನ್ನಡಿ ಇಟ್ಟುಕೊಂಡು ಮುಖ ಬೋಳಿಸಿಕೊಳ್ಳುತ್ತಿದ್ದ. ನಾನು ಹಲ್ಲುಜ್ಜುತ್ತ ನಿಂತಿದ್ದೆ. ಅವನು ಅವ್ವನ ಜೊತೆ ಏನೋ ಮಾತಾಡುತ್ತ ಎಡಗಲ್ಲದ ಮೇಲೆ ಕತ್ತಿ ಎಳೆದ. ಮೂಗಿನ ಪಕ್ಕದಲ್ಲಿ ಚರ್ಮ ಕೊಯ್ದು ರಕ್ತ ಸುರಿಯತೊಡಗಿತು. ಅವನು ಮಾತು ನಿಲ್ಲಿಸಲಿಲ್ಲ. ಕತ್ತಿಯನ್ನು ಮತ್ತೆ ಅದೇ ಜಾಗಕ್ಕೆ ತಂದ. ರಕ್ತ ತುಟಿಗೆ ಇಳಿಯಿತು, ತುಟಿಯೂ ಅರಿಯಲಿಲ್ಲ. ಗದ್ದದಿಂದ ಅಂಗೈ ಮೇಲೆ ತೊಟ್ಟಿಕ್ಕಿದಾಗ ಅವನು ಕೆಳಗೆ ನೋಡಿ, "ಇದ್ಯಾರದು?" ಎಂದ.

ಯಾವ ಮನುಷ್ಯನೂ ಇದನ್ನು ನಟಿಸಲಾರ. ನಾನು ಬಾಯಿ ಮುಕ್ಕಳಿಸದೆಯೇ ಒಳಗೆ ಹೋದೆ.

ನನ್ನ ಮಂಚದ ಕೆಳಗೆ ಒಂದು ಟ್ರಂಕು ಇತ್ತು. ಅದರಲ್ಲಿ ಪುಸ್ತಕಗಳಿವೆ ಎಂದು ಅವ್ವ ತಿಳಿದಿದ್ದಳು. ವಿದ್ಯಾರ್ಥಿಯಾಗಿದ್ದಾಗ ಅಭ್ಯಾಸಕ್ಕೆಂದು ಕೊಂಡ ಎಲುಬುಗಳೂ ಒಂದು ತಲೆಬುರುಡೆಯೂ ಅದರಲ್ಲಿದ್ದವು. ಬಾಗಿಲಿಗೆ ಅಗಳಿ ಹಾಕಿ ಬುರುಡೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ.

ಕಣ್ಣಿನ ಗೂಡು ಒಂದು ಗೋಪುರವನ್ನು ಅಡ್ಡ ಮಲಗಿಸಿದಂತಿದೆ; ಬಾಯಿ ಮುಂದೆ, ತುದಿ ಹಿಂದೆ. ಬಾಯಿಯ ಅಂಚು ದಪ್ಪ, ಗಟ್ಟಿ. ಪಂಚಮಿಯ ದಿನ ನನ್ನ ಬೆರಳು ಓಡಾಡಿದ್ದು ಅಲ್ಲಿ ಮಾತ್ರ. ಅಂಚಿನಿಂದ ಒಂದು ಬೆರಳು ಒಳಗೆ ಹೋದರೆ ಗೂಡಿನ ತಳದ ಎಲುಬು ಈರುಳ್ಳಿಯ ಒಣಸಿಪ್ಪೆಯಷ್ಟು ತೆಳುವು. ಬುರುಡೆಯನ್ನು ತಿರುಗಿಸಿದಾಗ ಆ ತಳದ ಮೂಲಕ ಬಿಸಿಲು ಕೆಂಪಗೆ ತೋರಿತು. ಅದರ ಕೆಳಗೇ ದವಡೆಯ ಪೊಳ್ಳು. ಪೊಳ್ಳಿನಿಂದ ಮೂಗಿಗೆ ದಾರಿ. ತಳದ ಮೇಲೆ ಕಾಲುವೆಯಂಥ ಒಂದು ಗೆರೆ. ಅದರಲ್ಲಿ ಒಂದು ನರ ಹರಿದು, ಅಂಚಿನ ಕೆಳಗಿನ ಸಣ್ಣ ತೂತಿನಿಂದ ಹೊರಬಿದ್ದು, ಗಲ್ಲಕ್ಕೂ ಮೂಗಿನ ಪಕ್ಕಕ್ಕೂ ಮೇಲ್ದುಟಿಗೂ ಹಲ್ಲಿಗೂ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ತಳ ಒಡೆದರೆ ನರ ಜಜ್ಜಿ ಜೋಮು ಬರಬೇಕು. ಮೂಗು ಸೀಟಿದ ಗಾಳಿ ಪೊಳ್ಳಿನಿಂದ ಮೇಲೇರಿ ರೆಪ್ಪೆಯನ್ನು ಉಬ್ಬಿಸಬೇಕು. ಗುಡ್ಡೆಯ ಕೆಳಗಿನ ಸ್ನಾಯು ಬಿರುಕಿನಲ್ಲಿ ಸಿಕ್ಕಿಕೊಂಡರೆ ಗುಡ್ಡೆ ಮೇಲಕ್ಕೆ ತಿರುಗಲಾರದು. ಮೇಲೆ ನೋಡಿದಾಗ ಮಾತ್ರ ಎರಡು ಕಾಣಬೇಕು. ಅಣ್ಣ ಈ ಮೂರನ್ನೂ ಒಂದೂ ಬಿಡದೆ ಹೇಳಿದ್ದ.

ಆದರೆ ಅಂಚು ಮುರಿಯದೆ ತಳ ಒಡೆಯುವುದು ಹೇಗೆ? ಅಡಿಗೆಮನೆಯಿಂದ ಅಂಥದೇ ಒಂದು ಲಿಂಬೆಕಾಯಿ ತಂದು ಬುರುಡೆಯ ಗೂಡಿಗೆ ಒತ್ತಿದೆ. ಅದು ಒಳಗೆ ಹೋಗಲಿಲ್ಲ. ಆ ಬುರುಡೆಯ ಹುಬ್ಬಿನ ಎಲುಬು ಮುಂದೆ ಚಾಚಿತ್ತು, ಗೂಡಿನ ಬಾಯಿ ಚೌಕಾಗಿ ಗಿಡ್ಡವಾಗಿತ್ತು. ಕಾಯಿ ಅಂಚಿನ ಮೇಲೆಯೇ ಕುಳಿತಿತು. ಹಾಗಾದರೆ ಹೊಡೆತ ಅಂಚಿಗೇ ಬೀಳಬೇಕಾಗಿತ್ತು. ನನ್ನ ತಿಳಿವಳಿಕೆ ಮತ್ತೆ ತಪ್ಪಿತೋ ಎನಿಸಿತು. ಅಷ್ಟರಲ್ಲಿ ಬಾಗಿಲು ಬಡಿದ ಅವ್ವ, "ಲಿಂಬಿಕಾಯಿ ಯಾಕ ಬೇಕಿತ್ತೋ, ಪಿತ್ತ ಆಗೈತೇನು?" ಎಂದು ಕೇಳಿದಳು. ಹೌದೆಂದೆ.

ಆ ದಿನವೇ ಕ್ಷ-ಕಿರಣದ ಚಿತ್ರವನ್ನೂ ದೃಢಪತ್ರದ ನಕಲನ್ನೂ ಲಿಂಬೆಕಾಯಿಯನ್ನೂ ಕಟ್ಟಿಕೊಂಡು ಧಾರವಾಡಕ್ಕೆ ಹೋದೆ. ಸರಕಾರಿ ಸೇವೆಯಿಂದ ನಿವೃತ್ತರಾದ ಒಬ್ಬ ಹಿರಿಯ ಡಾಕ್ಟರರು ಅಲ್ಲಿದ್ದರು. ನನ್ನಂಥ ಹೊಸಬರ ವರದಿಗಳ ಮೇಲೆ ಗಿರಣಿಯವರು ಕೊನೆಗೆ ಕೇಳುತ್ತಿದ್ದದ್ದು ಅವರ ಮಾತನ್ನೇ. ನಾನು ಯಾರ ಕಣ್ಣಿಗೆ ಓಣಿಯವನಾಗಿ ಕಾಣಬಾರದೆಂದು ಜೋಮನ್ನು ಬಿಟ್ಟಿದ್ದೆನೋ, ಅವರು ಇವರೇ.

ಅವರು ಚಿತ್ರವನ್ನು ಕಿಟಕಿಗೆ ಹಿಡಿದರು. "ಈ ಮಬ್ಬು ಏನಂತೀರಿ?"

"ನೆಗಡಿ ಎಂದು ತಿಳಿದೆ."

"ಒಂದ ಮಗ್ಗಲಿಗೆ ನೆಗಡಿ? ಇದು ರಕ್ತರಿ. ಗಲ್ಲಕ್ಕ ಜೋಮು ಅದನೋ ಇಲ್ಲೋ?"

ಅವರ ಬಾಯಿಂದಲೂ ಅದೇ ಶಬ್ದ ಬಂತು. ಇದೆ ಎಂದು ತಲೆಯಾಡಿಸಿದೆ.

"ನಿಮ್ಮ ಕಾಗದದಾಗ ಇಲ್ಲಲ್ಲ? ಕೇಳಲಿಲ್ಲೇನು?"

"ಅವನು ಹೇಳಿದ್ದ. ನಾನು ಬರೆಯಲಿಲ್ಲ."

"ಯಾಕ?"

"ಸರಿಯಾದ ಶಬ್ದ ಸಿಗಲಿಲ್ಲ." ಇದು ಅರ್ಧ ಸುಳ್ಳೆಂದು ಅವರಿಗೆ ತಿಳಿಯಿತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಜೋಮು ಅಂತ ಬರೀಬೇಕಿತ್ತು. ಅದಕ್ಕಿಂತ ಸರಿಯಾದ ಶಬ್ದ ಯಾವದದ?"

ನಾನು ಲಿಂಬೆಕಾಯಿಯ ತೊಡಕನ್ನು ಹೇಳಿದೆ. ಅವರು ಕಪಾಟಿನಿಂದ ತಮ್ಮ ಬುರುಡೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಗೂಡಿನ ಬಾಯಿ ದುಂಡಗೆ ಅಗಲವಾಗಿತ್ತು. ಹುಬ್ಬಿನ ಎಲುಬು ಚಪ್ಪಟೆ. ಕೆಳಗಿನ ಅಂಚು ಹಿಂದೆ ಸರಿದಿತ್ತು. ನಾನು ಕಾಯಿಯನ್ನು ಒತ್ತಿದೆ. ಅಂಚಿಗೆ ತಾಗದೆ ಅದು ಒಳಗೆ ಇಳಿದು ನಿಂತಿತು. ಆ ಬುರುಡೆಯ ಮೇಲೆ ಮಾಂಸ ಮೂಡಿದ್ದರೆ ಎಂಥ ಮುಖವಾಗುತ್ತಿತ್ತೆಂದು ಊಹಿಸಿದೆ: ಹುಬ್ಬು ತಗ್ಗು, ಕಣ್ಣು ದೊಡ್ಡವು, ಸ್ವಲ್ಪ ಮುಂದೆ ಬಂದಂಥವು. ಅವ್ವನಿಗೂ ಅಣ್ಣನಿಗೂ ಅಂಥವೇ ಕಣ್ಣುಗಳು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೂ.

"ಅಂಚು ತಡೀಲಿಲ್ಲ, ಪೆಟ್ಟು ಸೀದಾ ಗುಡ್ಡಿಗೆ ಬಿತ್ತು," ಎಂದರು ಹಿರಿಯರು. "ಗುಡ್ಡಿ ಹಿಂದ ಸರೀತು. ಸರದು ಎಲ್ಲಿಗೆ ಹೋಗಬೇಕು? ಕಣ್ಣು ಉಳೀಬೇಕಂದ್ರ ಯಾವದರೆ ಒಂದು ಗ್ವಾಡಿ ಬೀಳಬೇಕು. ಎಲ್ಲಾದರಕಿಂತ ತೆಳ್ಳಂದು ಬಿತ್ತು." ಲಿಂಬೆಕಾಯಿಯನ್ನು ತೆಗೆದು ನನ್ನ ಕೈಗಿಟ್ಟು ಕೇಳಿದರು: "ಎಷ್ಟು ದಿವಸ ಆದುವು?"

"ಹತ್ತೊಂಬತ್ತು."

ಅವರು ಬುರುಡೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. "ಮದಲಿನ ವಾರದಾಗ ಆಗಿದ್ರ ತಳಾ ಎತ್ತಿ ಕೂಡಿಸಬಹುದಿತ್ತು. ಈಗ ಸ್ನಾಯು ಅಲ್ಲೇ ಅಂಟಿಕೊಳ್ಳಿಕ್ಕೆ ಹತ್ತಿರತದ. ಆದ್ರೂ ಮುಂಬಯಿಗೆ ಕರಕೊಂಡು ಹೋಗ್ರಿ, ತಡಾ ಮಾಡಬ್ಯಾಡ್ರಿ."

ಎರಡು ಬುರುಡೆಗಳಿಂದ ಸಿದ್ಧಾಂತ ಕಟ್ಟಬಾರದೆಂಬುದನ್ನು ನಾನು ಬಲ್ಲೆ. ಗೂಡಿನ ಆಕಾರವೇ ಎಲ್ಲವನ್ನೂ ನಿರ್ಧರಿಸುತ್ತದೆಂದು ನಾನು ವಾದಿಸುವುದಿಲ್ಲ. ಹೊಡೆದ ವಸ್ತುವಿನ ಗಾತ್ರ, ವೇಗ, ಬಿದ್ದ ದಿಕ್ಕು ಎಲ್ಲವೂ ಸೇರುತ್ತವೆ. ಆದರೆ ಆ ದಿನದ ನಂತರ ಬಂದ ಪ್ರತಿಯೊಬ್ಬ ಕಣ್ಣಿನ ಪೆಟ್ಟಿನವನ ಗೂಡಿನ ಅಗಲವನ್ನು ಅಳೆದು, ಗಲ್ಲವನ್ನು ಹತ್ತಿಯಿಂದ ಸವರಿ, ಅವನು ಹೇಳಿದ ಶಬ್ದವನ್ನೇ ಕನ್ನಡದಲ್ಲಿ ಬರೆದುಕೊಳ್ಳುತ್ತ ಬಂದಿದ್ದೇನೆ.

ಹಿಂತಿರುಗುವಾಗ ರೈಲಿನಲ್ಲಿ ನನಗೆ ಎರಡು ದಾರಿಗಳು ಕಂಡವು. ಸುಮ್ಮನೆ ಅಣ್ಣನನ್ನು ಮುಂಬಯಿಗೆ ಕರೆದೊಯ್ಯುವುದು ಒಂದು. ಅದರಿಂದ ನನ್ನ ಹೆಸರು ಉಳಿಯುತ್ತಿತ್ತು. ನನ್ನ ದೃಢಪತ್ರ ತಪ್ಪೆಂದು ನಾನೇ ಬರೆದುಕೊಡುವುದು ಇನ್ನೊಂದು. ಎರಡನೆಯದನ್ನು ಆರಿಸಿದ್ದಕ್ಕೆ ನಾನು ಯಾವ ಹೊಗಳಿಕೆಗೂ ಅರ್ಹನಲ್ಲ. ಹತ್ತು ದಿನ ತಡವಾಗಿ ಮಾಡಿದ್ದನ್ನು ಧೈರ್ಯ ಎನ್ನಲಾಗುವುದಿಲ್ಲ. ಮರುದಿನ ಹೊಸ ದೃಢಪತ್ರ ಬರೆದೆ, ಕನ್ನಡದಲ್ಲಿ. ಜೋಮು ಎಂದು ಬರೆದೆ. ಪೂರಿಯಂತೆ ಉಬ್ಬುತ್ತಿತ್ತು ಎಂದು ಬರೆದೆ. ಮೊದಲಿನದು ನನ್ನ ತಪ್ಪು, ರೋಗಿ ಹೇಳಿದ್ದನ್ನು ನಾನು ಬೇಕೆಂದೇ ಬಿಟ್ಟೆ ಎಂದು ಬರೆದು ಸಹಿ ಮಾಡಿದೆ.

ವ್ಯವಸ್ಥಾಪಕರು ಎರಡೂ ಕಾಗದಗಳನ್ನು ಮಗ್ಗುಲು ಮಗ್ಗುಲಿಗೆ ಇಟ್ಟು ಓದಿದರು. ನಂತರ ನಕ್ಕರು.

"ಒಂದು ಕಣ್ಣಿಗೆ ಎರಡು ಸರ್ಟಿಫಿಕೀಟು. ಏನ್ರಿ ಡಾಕ್ಟರ, ಈಗ ನಿಮಗೂ ಜೋಡಿ ಕಾಣಲಿಕ್ಕೆ ಹತ್ತೇದೇನು?"

"ಎರಡನೆಯದು ಸತ್ಯ."

"ಅಣ್ಣನ ನೌಕರಿ ಇದ್ದಾಗ ಒಂದು, ಹೋದ ಮ್ಯಾಲೆ ಒಂದು. ಯಾವದು ಖರೇ ಅಂತ ನಾ ಹೆಂಗ ತಿಳೀಲಿ? ಮಂದಿ ಹೆಂಗ ತಿಳೀಬೇಕು?"

ಯಾವ ಮಾತಿಗೆ ಹೆದರಿ ಅಣ್ಣನನ್ನು ಸುಳ್ಳುಗಾರನನ್ನಾಗಿ ಮಾಡಿದ್ದೆನೋ, ಆ ಮಾತು ಈಗ ನ್ಯಾಯವಾಗಿಯೇ ನನ್ನ ಮೇಲೆ ಬಂದಿತ್ತು. ಮೊದಲ ದಿನವೇ ಸತ್ಯ ಬರೆದಿದ್ದರೆ ನಾಲ್ಕು ಜನ ನಗುತ್ತಿದ್ದರು, ಅಷ್ಟೇ. ಧಾರವಾಡದ ಹಿರಿಯರು ಕೆಳಗೆ ತಮ್ಮ ಅಭಿಪ್ರಾಯ ಬರೆದುಕೊಟ್ಟ ಮೇಲೆ ವ್ಯವಸ್ಥಾಪಕರು ನಿಷ್ಕಾಳಜಿ ಎಂಬ ಶಬ್ದವನ್ನು ಹೊಡೆದುಹಾಕಿದರು. ಆದರೆ ಕೆಲಸ ಮರಳಿ ಸಿಗಲಿಲ್ಲ. ಮೇಲೆ ನೋಡಿದರೆ ಎರಡು ಕಾಣುವವನನ್ನು ರಾಟೆಯ ಕೆಳಗೆ ನಿಲ್ಲಿಸಲಾಗದೆಂದು ನನ್ನ ಸತ್ಯವಾದ ಕಾಗದವೇ ಹೇಳುತ್ತಿತ್ತು. ಅವರು ಹೇಳಿದ್ದು ಸರಿ. ನಾನು ಆ ಹುದ್ದೆಗೆ ರಾಜೀನಾಮೆ ಕೊಟ್ಟೆ.

ಗೋದಾಮಿನ ಬಾಗಿಲಲ್ಲಿ ನಿಂತು ಆ ಕನ್ನಡದ ಕಾಗದವನ್ನು ಓದಿ ಹೇಳಿದೆ. ಗೆಳೆಯ ರಾಟೆಯ ಸರಪಳಿ ಬಿಟ್ಟು ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. "ನನ್ನ ಕೈಯಾಗಿಂದ ಆತಲ್ಲೋ ಯಪ್ಪಾ!" ಎಂದ. ಅವನ ಕೈಯಿಂದ ಆದದ್ದು ಆಟ. ನನ್ನ ಕೈಯಿಂದ ಆದದ್ದು ಬೇರೆ. ಅದನ್ನು ಅವನಿಗೆ ಹೇಳಿದೆ. ಸೋಗಿನ ಸಾಹೇಬ ಎಂಬ ಹೆಸರು ಮಾತ್ರ ಅಷ್ಟು ಬೇಗ ಹೋಗಲಿಲ್ಲ.

ಮುಂಬಯಿಯ ಶಸ್ತ್ರವೈದ್ಯರು ಮೇಲಿನ ಹಲ್ಲುಗಳ ಮೇಲ್ಗಡೆಯ ವಸಡನ್ನು ಕೊಯ್ದು, ದವಡೆಯ ಪೊಳ್ಳಿನೊಳಗೆ ಹೊಕ್ಕು, ಕುಸಿದ ತಳವನ್ನು ಕೆಳಗಿನಿಂದ ಎತ್ತಿ, ಔಷಧಿಯ ಅರಿವೆ ತುಂಬಿ ಆನಿಸಿದರು. ಎರಡು ವಾರದ ಮೇಲೆ ಅರಿವೆ ತೆಗೆದರು. ಒಳಗೆ ಇಳಿದಿದ್ದ ಕಣ್ಣು ಸ್ವಲ್ಪ ಮುಂದೆ ಬಂತು. ಸ್ನಾಯು ಬಿಡಲಿಲ್ಲ. ಅದು ಬಿರುಕಿಗೆ ಕೂಡಿಕೊಂಡುಬಿಟ್ಟಿತ್ತು. "ಇನ್ನೂ ಮೊದಲು ಯಾಕೆ ತರಲಿಲ್ಲ?" ಎಂದು ಅವರು ಕೇಳಿದಾಗ ಅಣ್ಣ ನನಗಿಂತ ಮೊದಲು ಉತ್ತರ ಕೊಟ್ಟ. ಅವನಿಗೆ ಬರುತ್ತಿದ್ದ ಮುರುಕು ಹಿಂದಿಯಲ್ಲಿ, ತಾನೇ ಬರಲು ಒಪ್ಪಲಿಲ್ಲ ಎಂದ. ಹದಿನಾರು ವರ್ಷ ಒಂದೇ ಗಿರಣಿಯಲ್ಲಿ ದುಡಿದ ಆ ಮನುಷ್ಯ ನನಗೆ ತಿಳಿದಂತೆ ಹೇಳಿದ ಒಂದೇ ಸುಳ್ಳು ಅದು. ನಾನು ಅದನ್ನು ಅಲ್ಲಿ ತಿದ್ದಲಿಲ್ಲ. ಇಲ್ಲಿ ತಿದ್ದುತ್ತಿದ್ದೇನೆ.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇಷ್ಟು. ಅಣ್ಣ ಗಿರಣಿ ಬಿಟ್ಟು ಹಳೇ ಹುಬ್ಬಳ್ಳಿಯ ಒಂದು ಗಾದಿ ಹೊಲಿಯುವ ಅಂಗಡಿಗೆ ಸೇರಿದ. ಕೆಳಗೆ ನೋಡಿ ಮಾಡುವ ಕೆಲಸವಾದ್ದರಿಂದ ಅದು ಅವನಿಗೆ ಸಾಗುತ್ತದೆ. ನಾನು ಧಾರವಾಡಕ್ಕೆ ಹೋಗಿ ಆ ಹಿರಿಯರ ಕೈಕೆಳಗೆ ಕೆಲಸ ಮಾಡತೊಡಗಿದೆ. ಒಲೆ ಎರಡಾಯಿತು, ಅವ್ವ ಅಣ್ಣನ ಒಲೆಯ ಕಡೆಗೇ ಉಳಿದಳು. ಅತ್ತಿಗೆ ಇಂದಿಗೂ ನನ್ನನ್ನು ನೀವು ಎನ್ನುತ್ತಾಳೆ. ಅಣ್ಣನ ಹಿರಿಯ ಮಗಳು ನಾಲ್ಕನೆಯ ಇಯತ್ತೆಯಲ್ಲಿ ಸಾಲೆ ಬಿಟ್ಟು ತಾಯಿಯ ಜೊತೆ ಅರಳೆ ಬಿಡಿಸಲು ಕುಳಿತಳು. ಅವಳನ್ನು ಧಾರವಾಡಕ್ಕೆ ಕಳಿಸು, ನಾನು ಓದಿಸುತ್ತೇನೆ ಎಂದು ಅಣ್ಣನನ್ನು ಕೇಳಿದೆ. ಅವನು ಸೂಜಿಯಿಂದ ಕಣ್ಣೆತ್ತಲಿಲ್ಲ. "ಒಬ್ಬಾಂವ ಕಲತದ್ದು ಸಾಕ ತಮ್ಮಾ, ಈ ಮನಿಗೆ," ಎಂದ. ಅವಳು ಮತ್ತೆ ಸಾಲೆಗೆ ಹೋಗಲಿಲ್ಲ.